ಎರಡು ತೊಟ್ಟಿಗಳ ನಡುವೆ ಸರಸಕ್ಕ

“ಹೆಣಕ್ಕೆ ಹೊಯ್ಯುವ ಹಾಗೆ ನಾನು ಹೊಯ್ಯುವುದಿಲ್ಲ. ಬೇಕಾದರೆ ನೀವೇ ಹೊಯ್ದುಕೊಳ್ಳಿ!”

“ಇದು ಹೆಣವೂ ಅಲ್ಲ, ಹಸುಗೂಸೂ ಅಲ್ಲ ಸರಸಕ್ಕ. ಯೀಸ್ಟ್ ಇದು, ಯೀಸ್ಟ್!”

“ಅದಕ್ಕೆ ಜೀವ ಉಂಟಾ ಇಲ್ವಾ?”

“ಉಂಟು. ಆದರೆ...”

“ಉಂಟಲ್ವಾ? ಮತ್ತೆ ಎಂತ ನಿಮ್ಮ ಬೊಬ್ಬೆ? ಮೊದಲು ಆ ಕೆಟಲ್ ಬಿಡಿ. ಒಳಗೆ ಕುದಿಯುವ ನೀರು ಉಂಟು. ಡಾಕ್ಟ್ರು ಆಗುವ ಮೊದಲೇ ಕಾಲು ಸುಟ್ಟುಕೊಂಡೀರಿ.”

ಮಣಿಪಾಲದ ಒಂದು ಪ್ರಯೋಗಾಲಯ. ಬೆಳಗಿನ ಆರು ಗಂಟೆ. 1987ರ ಆಟಿ ತಿಂಗಳ, ಅಂದರೆ ತುಳುನಾಡಿನ ಆಷಾಢದ ಮಳೆ ಕಿಟಕಿಯ ಗಾಜಿಗೆ ಕಲ್ಲು ಹೊಡೆದ ಹಾಗೆ ಹೊಡೆಯುತ್ತಿದೆ. ಎಲ್ಲೋ ಮರ ಬಿದ್ದು ರಾತ್ರಿಯೇ ಕರೆಂಟು ಹೋಗಿದೆ. ಮೇಜಿನ ಮೇಲೆ ಎರಡು ಮೇಣದಬತ್ತಿ, ನೆಲದಲ್ಲಿ ಒಂದು ಸೀಮೆಎಣ್ಣೆ ಸ್ಟವ್. ಹಬೆಯಾಡುವ ಕೆಟಲಿನ ಹಿಡಿಗೆ ಇಬ್ಬರೂ ಕೈ ಹಾಕಿದ್ದಾರೆ. ಒಂದು ಕಡೆಯಲ್ಲಿ ಪ್ರಯೋಗಾಲಯದ ಸಹಾಯಕಿ ಸರಸ, ಕಾಪುವಿನ ಮೀನುಗಾರ ಮೊಗವೀರ ಮನೆಯವರು, ಐವತ್ತು ದಾಟಿದವರು. ಇನ್ನೊಂದು ಕಡೆಯಲ್ಲಿ ಬನ್ನಂಜೆಯ ಹೃಷೀಕೇಶ, ಡಾಕ್ಟರೇಟಿಗಾಗಿ ಸಂಶೋಧನೆ ಮಾಡುತ್ತಿರುವವರು. ಇಬ್ಬರ ಮಾತೂ ತುಳುವಿನಲ್ಲಿ. ಸರಸಕ್ಕನ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಅದನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ. ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಅದು ನನ್ನ ತಪ್ಪು, ಅವರದ್ದಲ್ಲ.

ಜಗಳ ನೀರಿನ ಬಗ್ಗೆ. ಯಾವ ನೀರಿಗೆ ಯಾವ ನೀರು ಬೆರೆಸಬೇಕು ಎಂಬುದರ ಬಗ್ಗೆ.

ಈ ಕೋಣೆಯಲ್ಲಿ ನಡೆಯುವ ಕೆಲಸವನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಯೀಸ್ಟ್ ಎಂದರೆ ಬೇಕರಿಯವರು ಹಿಟ್ಟು ಉಬ್ಬಲಿಕ್ಕೆ ಹಾಕುವಂಥದ್ದು. ಕಳ್ಳು ನೊರೆಯುಕ್ಕುವುದೂ ಅದರಿಂದಲೇ. ಕಣ್ಣಿಗೆ ಕಾಣದ ಜೀವ, ಒಂದು ಹನಿಯಲ್ಲಿ ಲಕ್ಷಗಟ್ಟಲೆ ಇರುತ್ತವೆ. ಪ್ರತಿಯೊಂದರ ಒಳಗೂ ಸಾವಿರಾರು ಜೀನುಗಳು. ಜೀನಿನ ಮುಂದೆ ಪ್ರೊಮೋಟರ್ ಎಂಬ ಒಂದು ತುಣುಕು. ಅದನ್ನು ಬಾಗಿಲಿನ ಚಿಲಕ ಎಂದುಕೊಳ್ಳಿ. ಚಿಲಕ ತೆರೆದರೆ ಜೀನು ಕೆಲಸ ಮಾಡುತ್ತದೆ, ಹಾಕಿದ್ದರೆ ಸುಮ್ಮನಿರುತ್ತದೆ. ಕೆಲವು ಚಿಲಕಗಳು ಬಿಸಿ ತಾಗಿದಾಗಲೇ ತೆರೆಯುತ್ತವೆ. ಬಿಸಿಯಲ್ಲಿ ಬೇಯುವ ಆ ಜೀವವನ್ನು ಕಾಪಾಡುವ ಸಾಮಾನೆಲ್ಲ ಒಳಗೆ ಆಗ ತಯಾರಾಗುತ್ತದೆ. ಬಾಯಿಲ್ಲ, ಕೈಕಾಲಿಲ್ಲ, ಓಡಿ ನೆರಳಿಗೆ ಹೋಗುವ ದಾರಿ ಇಲ್ಲ. ಆದರೂ ಬಿಸಿ ಬಂತೆಂದು ಅದಕ್ಕೆ ಗೊತ್ತಾಗುತ್ತದೆ, ಮಾಡಬೇಕಾದದ್ದೂ ಗೊತ್ತಾಗುತ್ತದೆ.

ಆ ಚಿಲಕ ಯಾವಾಗ, ಎಷ್ಟು ತೆರೆಯುತ್ತದೆ ಎಂದು ಅಳೆಯುವುದು ಹೃಷೀಕೇಶರ ಕೆಲಸ. ಚಿಲಕದ ಹಿಂದೆ ಬೇರೊಂದು ಜೀನನ್ನು ಕೂರಿಸಿದ ಯೀಸ್ಟ್ ಅವರಿಗೆ ಹೊರದೇಶದಿಂದ ಅಂಚೆಯಲ್ಲಿ ಬಂದಿದೆ. ಚಿಲಕ ತೆರೆದರೆ ಯೀಸ್ಟಿನೊಳಗೆ ಒಂದು ಕಿಣ್ವ ತಯಾರಾಗುತ್ತದೆ. ಆಮೇಲೆ ಒಂದು ಪುಡಿ ಹಾಕಿದರೆ ನೀರು ಹಳದಿಯಾಗುತ್ತದೆ. ಹಳದಿ ಗಾಢವಾದಷ್ಟೂ ಚಿಲಕ ಜಾಸ್ತಿ ತೆರೆದಿತ್ತು ಎಂದು ಅರ್ಥ. ಅದಕ್ಕೇ ಎರಡು ನೀರಿನ ತೊಟ್ಟಿಗಳು. ಒಂದು ಮೂವತ್ತು ಡಿಗ್ರಿಯದ್ದು, ಯೀಸ್ಟ್ ಸುಖವಾಗಿರುವ ತೊಟ್ಟಿ. ಇನ್ನೊಂದು ಮೂವತ್ತೊಂಬತ್ತರದ್ದು, ಅದಕ್ಕೆ ಕಷ್ಟ ಕೊಡುವ ತೊಟ್ಟಿ. ಕಷ್ಟದ ತೊಟ್ಟಿಯಲ್ಲಿ ಹಳದಿ ಬರಬೇಕು. ಸುಖದ ತೊಟ್ಟಿಯಲ್ಲಿ ಬರಬಾರದು.

ಆದರೆ ಈ ಮಳೆಗಾಲ ಶುರುವಾದಂದಿನಿಂದ ಸುಖದ ತೊಟ್ಟಿಯದ್ದೂ ಹಳದಿಯೇ. ಹೃಷೀಕೇಶ ಪುಡಿ ಬದಲಿಸಿದರು, ಗಾಜು ಬದಲಿಸಿದರು, ಹೊಸದಾಗಿ ಯೀಸ್ಟ್ ಬೆಳೆಸಿದರು. ಹಳದಿ ಹೋಗಲಿಲ್ಲ. ಅವರ ಮಾರ್ಗದರ್ಶಕರು ಮೊನ್ನೆ ಖಂಡಿತವಾಗಿ ಹೇಳಿದ್ದಾರಂತೆ: ಇನ್ನೊಂದು ಸಲ ಹೀಗಾದರೆ ಈ ವಿಷಯ ಬಿಟ್ಟುಬಿಡಿ. ಪುಡಿಯೂ ಸೀಸೆಯ ತಳಕ್ಕೆ ಬಂದಿದೆ, ಇವತ್ತಿಗೆ ಮಾತ್ರ ಸಾಕು.

ಹೃಷೀಕೇಶ ಸಾಮಾನ್ಯವಾಗಿ ಬರುವುದು ಎಂಟಕ್ಕೆ. ಪತ್ರಿಕೆಯವರು ಸರಸಕ್ಕನನ್ನು ನೋಡಲು ಬರುತ್ತಾರೆಂದು ಇವತ್ತು ಆರಕ್ಕೇ ಬಂದರು. ಬಂದವರು ಕಂಡದ್ದೇನು? ಸರಸಕ್ಕ ಸುಖದ ತೊಟ್ಟಿಯ ತಳದ ನಲ್ಲಿ ತಿರುಗಿಸಿ, ರಾತ್ರಿಯಿಡೀ ಆರಿದ ನೀರನ್ನೆಲ್ಲ ಹೊರಗೆ ಬಿಟ್ಟಿದ್ದಾರೆ. ಯೀಸ್ಟ್ ತುಂಬಿದ ಗಾಜಿನ ಫ್ಲಾಸ್ಕುಗಳು ತಂತಿಯ ಚೌಕಟ್ಟಿನಲ್ಲಿ ಅಲ್ಲೇ ಬಿಗಿದು ನಿಂತಿವೆ. ಅವುಗಳ ಬುಡಕ್ಕೆ ಮೊದಲು ಕುದಿನೀರು ಹೊಯ್ದು, ಆಮೇಲೆ ತಣ್ಣೀರು ಬೆರೆಸಿ ಹದ ಮಾಡಲು ಕೆಟಲ್ ಎತ್ತಿದ್ದಾರೆ.

“ಇಷ್ಟು ದಿನ ಹೀಗೆಯೇ ಮಾಡಿದ್ದಾ?” ಹೃಷೀಕೇಶರ ಧ್ವನಿ ಒಮ್ಮೆಲೇ ಇಳಿಯುತ್ತದೆ.

“ಮತ್ತೆ ಹೇಗೆ ಮಾಡುವುದು? ಈ ಮಳೆಗೆ ದಿನಾ ರಾತ್ರಿ ಕರೆಂಟು ಹೋಗುತ್ತದೆ, ದಿನಾ ಹೀಗೆಯೇ. ನೀವು ಬರುವಾಗ ನೀರು ಸರಿ ಇರುತ್ತಿತ್ತೋ ಇಲ್ವೋ?”

“ಸರಿ ಇರುತ್ತಿತ್ತು.” ಅವರು ಕೆಟಲ್ ಬಿಟ್ಟು ಸ್ಟೂಲಿನ ಮೇಲೆ ಕೂತುಬಿಡುತ್ತಾರೆ. “ಥರ್ಮಾಮೀಟರಿನಲ್ಲಿ ಸರಿಯಾಗಿ ಮೂವತ್ತು. ಅದಕ್ಕೇ ನನಗೆ ಗೊತ್ತಾಗಲಿಲ್ಲ.”

ಹದ ಆಗುವ ಮೊದಲಿನ ಆ ಐದು ನಿಮಿಷ ಫ್ಲಾಸ್ಕಿನ ಬುಡ ಕುದಿನೀರಿನಲ್ಲಿ. ಅಷ್ಟರಲ್ಲೇ ಚಿಲಕ ತೆರೆದಿದೆ. ಆಮೇಲೆ ನೀರು ತಣಿದಿದೆ, ಚಿಲಕವೂ ಮುಚ್ಚಿರಬಹುದು. ಆದರೆ ಆಗ ತಯಾರಾದ ಕಿಣ್ವ ಅಷ್ಟು ಬೇಗ ಹಾಳಾಗುವಂಥದ್ದಲ್ಲ, ಯೀಸ್ಟಿನೊಳಗೇ ಕೂತಿರುತ್ತದೆ. ಗಂಟೆ ಕಳೆದು ಪುಡಿ ಹಾಕಿದಾಗ ಹಳದಿಯಾಗಿ ಎದ್ದು ಬರುತ್ತದೆ. ಐದು ನಿಮಿಷದ ಬಿಸಿಯನ್ನು ಆ ಧೂಳಿನ ಕಣದಂಥ ಜೀವ ಗುರುತು ಇಟ್ಟುಕೊಂಡಿತ್ತು! ಕಷ್ಟದ ತೊಟ್ಟಿಗೂ ಸರಸಕ್ಕ ಹಾಗೆಯೇ ಹೊಯ್ಯುತ್ತಿದ್ದರು. ಅಲ್ಲಿ ಹೇಗೂ ಹಳದಿ ಬರಬೇಕಾದದ್ದೇ, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

“ಆರಿದ ನೀರನ್ನು ಹಾಗೆಯೇ ಇಟ್ಟು, ಅದಕ್ಕೆ ಸ್ವಲ್ಪ ಸ್ವಲ್ಪ ಬಿಸಿನೀರು ಸೇರಿಸಬೇಕಿತ್ತು ಸರಸಕ್ಕ. ಅಷ್ಟೇ.”

“ಅದೇ ಆಗುವುದಿಲ್ಲ ಅಂತ ಹೇಳಿದ್ದು.”

ಕರಾವಳಿಯ ಎಷ್ಟೋ ಮನೆಗಳಲ್ಲಿ ಈ ಕ್ರಮ ಉಂಟು. ಬದುಕಿದವರ ಸ್ನಾನಕ್ಕೆ ಮೊದಲು ಬಿಸಿನೀರು, ಅದಕ್ಕೆ ತಣ್ಣೀರು ಬೆರೆಸುವುದು. ತಣ್ಣೀರಿಗೆ ಬಿಸಿನೀರು ಹೊಯ್ಯುವುದು ಹೆಣ ಮೀಯಿಸುವಾಗ ಮಾತ್ರ. ಇದನ್ನು ಮೂಢನಂಬಿಕೆ ಎಂದು ಸಂಪಾದಕರಿಗೆ ಕಾಗದ ಬರೆಯುವ ಮಹಾನುಭಾವರು ಬರೆಯಲಿ. ಅದಕ್ಕೆ ಮೊದಲು ತಮ್ಮ ಮನೆಯ ಬಚ್ಚಲಿನಲ್ಲಿ ಅಮ್ಮ ಹೇಗೆ ನೀರು ಬೆರೆಸುತ್ತಾರೆಂದು ನೋಡಿ ಬರಲಿ.

ಸರಸಕ್ಕ ಆ ಪ್ರಶ್ನೆಯನ್ನು ಅಲ್ಲೇ ಕೇಳುತ್ತಾರೆ. “ನಿಮ್ಮ ಬನ್ನಂಜೆ ಮನೆಯಲ್ಲಿ ನೀವು ಹೇಗೆ ಬೆರೆಸುವುದು? ಹೇಳಿ ನೋಡುವಾ ಡಾಕ್ಟ್ರೇ.”

ಹೃಷೀಕೇಶ ಮೇಣದಬತ್ತಿಯನ್ನು ನೋಡುತ್ತಾರೆ. “ಮೊದಲು ಬಿಸಿ,” ಎನ್ನುತ್ತಾರೆ. “ತಪ್ಪಿದರೆ ಅಜ್ಜಿ ಚೆಂಬಿನಲ್ಲೇ ಹೊಡೆಯುತ್ತಿದ್ದರು.”

ಇಬ್ಬರಿಗೂ ನಗು ಬರುತ್ತದೆ, ಇಬ್ಬರೂ ತಡೆದುಕೊಳ್ಳುತ್ತಾರೆ. ಕೊನೆಗೆ ಸರಸಕ್ಕ ಒಂದು ಬಕೆಟಿನಲ್ಲಿ ತಮ್ಮ ಕ್ರಮದಲ್ಲೇ ನೀರು ಹದ ಮಾಡಿ, ಹದವಾದ ನೀರನ್ನು ಖಾಲಿ ತೊಟ್ಟಿಗೆ ತುಂಬುತ್ತಾರೆ. ಬೆಳಗಿನ ಮಟ್ಟಿಗೆ ಜಗಳ ನಿಲ್ಲುತ್ತದೆ.

ಸರಸಕ್ಕನ ಹಠಕ್ಕೆ ಇನ್ನೂ ಒಂದು ಕಾರಣ ಉಂಟು. ಮಗಳು ಕಮಲ ಚೊಚ್ಚಲ ಹೆರಿಗೆಗೆ ಕಾಪುವಿನ ಮನೆಗೆ ಬಂದಿದ್ದಾಳೆ. ಅಳಿಯನದ್ದು ಕಾರ್ಕಳದಲ್ಲಿ ಮೀನಿನ ಅಂಗಡಿ. ದಿನ ತುಂಬಿದೆ, ಇವತ್ತೋ ನಾಳೆಯೋ. ಊರಿನ ಅರ್ಧ ಮಕ್ಕಳನ್ನು ಮೀಯಿಸಿದ ಕೈ ಸರಸಕ್ಕನದ್ದು, ಸ್ವಂತ ಮೊಮ್ಮಗುವನ್ನು ಇನ್ನೂ ಮೀಯಿಸಿಲ್ಲ. “ಜೀವ ಇರುವುದಕ್ಕೆ ಹೆಣದ ನೀರು ಬೆರೆಸಿದ ಕೈಯನ್ನು ನಾನು ಆ ಮಗುವಿನ ನೆತ್ತಿಗೆ ಇಡುವುದು ಹೇಗೆ?” ಎಂದು ನನ್ನನ್ನೇ ಕೇಳುತ್ತಾರೆ. “ಮೀಯಿಸಲಿಕ್ಕೆ ಬೇರೆಯವರು ಕರೆಯದಿದ್ದರೆ ಇರಲಿ. ನನಗೇ ಮನಸ್ಸು ಬರಲಿಕ್ಕಿಲ್ಲ.”

ಮೀಯಿಸುವ ಕೆಲಸ ಅವರಿಗೆ ತಾಯಿಯಿಂದ ಬಂದದ್ದು. ಎಪ್ಪತ್ತರ ದಶಕವಿಡೀ ಅವರ ದಿನ ಹೀಗೆ ಹೋಗುತ್ತಿತ್ತು: ಬೆಳಿಗ್ಗೆ ತಲೆಯ ಮೇಲೆ ಮೀನಿನ ಬುಟ್ಟಿ, ಮನೆಮನೆ ನಡಿಗೆ. ಮೀನು ಮುಗಿದ ಮೇಲೆ ಸೀಗೆಪುಡಿ ಹಾಕಿ ಮೊಣಕೈವರೆಗೆ ಉಜ್ಜಿ ತೊಳೆದು ಬಾಣಂತಿಯರ ಮನೆಗೆ. ಬುಟ್ಟಿ ಇದ್ದರೆ ಬಸ್ಸಿನವರು ಹತ್ತಿಸುತ್ತಿರಲಿಲ್ಲ. “ಒಬ್ಬ ಕಂಡಕ್ಟರ್ ದಿನಾ ಮೂಗು ಮುಚ್ಚುತ್ತಿದ್ದ. ಅವನ ಹೆಂಡತಿ ಹೆತ್ತಾಗ ನಾನೇ ಹೋಗಬೇಕಾಯಿತು. ಆವತ್ತು ಮೂಗು ಮುಚ್ಚಲಿಲ್ಲ ಮಾರಾಯ್ರೆ, ಛತ್ರಿ ಹಿಡಿದು ಕರೆದುಕೊಂಡು ಹೋದ!” ಗಂಡ ದೂಮಪ್ಪ ದೋಣಿಗೆ ಹೋಗುವವರು. “ನಮ್ಮವರು ಮಳೆಗಾಲದಲ್ಲಿ ಬಲೆ ಹೆಣೆಯುತ್ತಾರೆ, ಉಳಿದ ಕಾಲದಲ್ಲಿ ಸುಳ್ಳು ಹೆಣೆಯುತ್ತಾರೆ. ಅವರು ಹೇಳುವಷ್ಟು ದೊಡ್ಡ ಮೀನು ಸಮುದ್ರದಲ್ಲಿ ಇಲ್ಲ.”

ಮಣಿಪಾಲಕ್ಕೆ ಬಂದದ್ದೂ ಮೀಯಿಸಲಿಕ್ಕೇ. ಇಲ್ಲಿಯ ಒಬ್ಬ ಪ್ರಾಧ್ಯಾಪಕರ ಸೊಸೆಯ ಬಾಣಂತನ. ಪ್ರಾಧ್ಯಾಪಕರು ತಮಾಷೆಗೆ ಒಂದು ದಿನ ಮಗುವಿನ ನೀರಿಗೆ ಥರ್ಮಾಮೀಟರ್ ಇಳಿಸಿದರಂತೆ. ಮಾರನೆಯ ದಿನವೂ ಇಳಿಸಿದರು. ದಿನಾ ಇಳಿಸಿದರು. ಒಂದೇ ಅಂಕಿ. ಆ ಕಾಲಕ್ಕೆ ಇಲ್ಲಿಯ ತೊಟ್ಟಿಗಳ ಯಂತ್ರ ವಾರಕ್ಕೊಮ್ಮೆ ಕೆಡುತ್ತಿತ್ತು. ನಲವತ್ತು ದಿನ ಮುಗಿದ ಕೂಡಲೇ ಸರಸಕ್ಕನಿಗೆ ಪ್ರಯೋಗಾಲಯದಲ್ಲಿ ಕೆಲಸವಾಯಿತು. “ಅವರು ಇಪ್ಪತ್ತು, ಮೂವತ್ತು ಅಂತ ನಂಬ್ರ ಹೇಳುತ್ತಾರೆ. ನನಗೆ ನಂಬ್ರ ಬಾರದು. ಮೂವತ್ತು ಅಂದರೆ ಚರ್ಮಕ್ಕೆ ಬಿಸಿಯೂ ಅಲ್ಲ, ತಂಪೂ ಅಲ್ಲ, ಸ್ವಲ್ಪ ತಂಪಿನ ಕಡೆಗೆ. ಮೂವತ್ತೊಂಬತ್ತು ಅಂದರೆ ಮಗುವಿನ ನೀರಿಗಿಂತ ಒಂದು ಚೂರು ಹೆಚ್ಚು. ಮಗುವಾದರೆ ಅಳುತ್ತದೆ. ಇದು ಅಳುವುದಿಲ್ಲ, ಹಳದಿಯಾಗುತ್ತದೆ.”

ಮೊದಲ ಬಸ್ಸಿಗೆ ಕಾಪುವಿನಿಂದ ಹೊರಟು, ಉಡುಪಿಯಲ್ಲಿ ಬಸ್ಸು ಬದಲಿಸಿ, ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುತ್ತಾರೆ. ಗಾಜು ತೊಳೆಯುವುದು, ಕ್ರಿಮಿ ಸಾಯಲಿ ಎಂದು ಅದನ್ನು ಹಬೆಯಲ್ಲಿ ಬೇಯಿಸುವುದು, ಹತ್ತಿಯ ಮುಚ್ಚಳ ಸುತ್ತುವುದು, ತೊಟ್ಟಿಗಳನ್ನು ಕಾಯುವುದು. ಕರೆಂಟು ಹೋದರೆ ಯೀಸ್ಟಿಗೆ ಗಾಳಿ ಸಿಗಲಿ ಎಂದು ಫ್ಲಾಸ್ಕಿನ ಚೌಕಟ್ಟನ್ನು ಕೈಯಲ್ಲೇ ತೂಗುವುದು. ಈ ಕೋಣೆಯಿಂದ ಹೊರಟ ಪ್ರಬಂಧಗಳಲ್ಲಿ ಯಾರು ಯಾರಿಗೋ ಕೃತಜ್ಞತೆ ಉಂಟು. ಸರಸಕ್ಕನಿಗೆ ಇಲ್ಲ. ನನಗೆ ಸಿಟ್ಟು ಬಂತು. ಅವರಿಗೆ ಬರಲಿಲ್ಲ. “ನಾನು ಮೀಯಿಸಿದ ಮಕ್ಕಳಲ್ಲಿ ಯಾರಾದರೂ ನನ್ನ ಹೆಸರು ಇಟ್ಟುಕೊಂಡಿದ್ದಾರಾ?” ಎಂದು ನಕ್ಕರು.

ಹತ್ತು ಗಂಟೆ. ಕರೆಂಟು ಬಂದಿಲ್ಲ. ಹೃಷೀಕೇಶ ಪ್ರಯೋಗ ಶುರು ಮಾಡಲೇಬೇಕು, ಯೀಸ್ಟ್ ಬೆಳೆದು ನಿಂತಿದೆ, ಇನ್ನು ಕಾಯುವುದಿಲ್ಲ. ಮಳೆಯ ಚಳಿಗೆ ಎರಡೂ ತೊಟ್ಟಿಗಳು ಕ್ಷಣಕ್ಷಣಕ್ಕೂ ಆರುತ್ತವೆ. ನಡುವೆ ನೀರು ಖಾಲಿ ಮಾಡಿ ಬಕೆಟಿನಿಂದ ತುಂಬುವ ಹಾಗಿಲ್ಲ. ಆರಿದ ನೀರಿಗೆ ಬಿಸಿನೀರು ಸೇರಿಸುತ್ತಲೇ ಇರಬೇಕು.

“ನಾನು ಹೊಯ್ಯುತ್ತೇನೆ,” ಎನ್ನುತ್ತಾರೆ ಹೃಷೀಕೇಶ. “ನೀವು ಕೈ ಇಟ್ಟು ಹೇಳಿ. ನಿಮ್ಮ ಕೈ ಕೆಟಲ್ ಮುಟ್ಟುವುದು ಬೇಡ.”

“ನಿಮ್ಮ ಅಜ್ಜಿ?”

“ಅಜ್ಜಿ ತೀರಿಹೋಗಿದ್ದಾರೆ. ಸಿಕ್ಕಿದಾಗ ನಾನೇ ಹೇಳಿಕೊಳ್ಳುತ್ತೇನೆ.”

ಆ ಮುಂದಿನ ಒಂದು ಗಂಟೆಯನ್ನು ನಾನು ಮರೆಯುವವನಲ್ಲ. ಎರಡು ತೊಟ್ಟಿಗಳ ನಡುವೆ ಸರಸಕ್ಕ ನಿಂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ. ಬಲಗೈ ಕಷ್ಟದ ತೊಟ್ಟಿಯಲ್ಲಿ, ಎಡಗೈ ಸುಖದ ತೊಟ್ಟಿಯಲ್ಲಿ. ಕಣ್ಣು ಮುಚ್ಚಿದ್ದಾರೆ. “ಬಲಕ್ಕೆ,” ಎನ್ನುತ್ತಾರೆ. ಹೃಷೀಕೇಶ ಮೂಲೆಯಲ್ಲಿ ತೆಳ್ಳಗೆ ಹೊಯ್ಯುತ್ತಾರೆ. ಸರಸಕ್ಕನ ಕೈ ನೀರಿನೊಳಗೆ ನಿಧಾನವಾಗಿ ಆಡಿ ಬಿಸಿಯನ್ನು ಹರಡುತ್ತದೆ. “ಸಾಕು. ಸಾಕು ಅಂದೆ!” ಥರ್ಮಾಮೀಟರಿನ ಪಾದರಸ ಮೂವತ್ತೊಂಬತ್ತರ ಗೆರೆಗೆ ಅಂಟಿಕೊಂಡ ಹಾಗೆ ನಿಂತಿದೆ. ಮಳೆಯ ಸದ್ದು, ಸ್ಟವ್ವಿನ ಸದ್ದು, ಆ ಒಂದು “ಸಾಕು” ಬಿಟ್ಟರೆ ಕೋಣೆಯಲ್ಲಿ ಬೇರೆ ಶಬ್ದ ಇಲ್ಲ. ಒಂದು ಕೈಯ ಕೆಳಗೆ ಕೋಟಿ ಜೀವಗಳು ಬೆದರಿ ಚಿಲಕ ತೆಗೆಯುತ್ತಿವೆ, ಇನ್ನೊಂದು ಕೈಯ ಕೆಳಗೆ ಕೋಟಿ ಜೀವಗಳು ಏನೂ ತಿಳಿಯದೆ ಮಲಗಿವೆ. ನಡುವೆ ಒಬ್ಬ ಹೆಂಗಸು.

ಹೊತ್ತುಹೊತ್ತಿಗೆ ಹೃಷೀಕೇಶ ಕೆಟಲ್ ಇಟ್ಟು ಮಾದರಿ ತೆಗೆಯಬೇಕು. ಗಾಜಿನ ನಳಿಗೆಯನ್ನು ಬಾಯಲ್ಲಿ ಕಚ್ಚಿ, ಉಸಿರಿನಿಂದ ಎಳೆದು, ಗೆರೆಗೆ ಸರಿಯಾಗಿ ನಿಲ್ಲಿಸಿ, ಮಂಜುಗಡ್ಡೆಯಲ್ಲಿಟ್ಟ ಕೊಳವೆಗೆ ಬಿಡಬೇಕು. ಆಗ ಬಾಯಿ ತೆರೆಯುವ ಹಾಗಿಲ್ಲ, ಕೈ ಬಿಡುವ ಹಾಗಿಲ್ಲ.

ಕೊನೆಯ ಮಾದರಿಗಳ ಹೊತ್ತಿಗೆ ಗಾಳಿ ಹೊಡೆದು ಕಿಟಕಿಯ ಒಂದು ಬಾಗಿಲು ತೆರೆದುಕೊಂಡಿತು. ಚಳಿಗಾಳಿಯ ಜೊತೆ ಮಳೆಯ ಹನಿಗಳು ಎಡಗಡೆಯ ತೊಟ್ಟಿಗೇ ಬಂದು ಬಿದ್ದವು. ನಾನು ಎದ್ದು ಹೋಗಿ ಕಿಟಕಿ ಹಾಕಿ ಒತ್ತಿ ಹಿಡಿದೆ.

“ಡಾಕ್ಟ್ರೇ, ಎಡಕ್ಕೆ,” ಎಂದರು ಸರಸಕ್ಕ.

ಹೃಷೀಕೇಶರ ಬಾಯಲ್ಲಿ ನಳಿಗೆ. ಎರಡೂ ಕೈಯಲ್ಲಿ ಕೊಳವೆ. ಕಣ್ಣು ಮಾತ್ರ ತಿರುಗಿಸಿದರು.

“ಎಡಕ್ಕೆ ಬೇಕು. ಈಗಲೇ. ಇಳಿಯುತ್ತಾ ಉಂಟು.”

ಕೈ ಖಾಲಿ ಇರುವವರು ಯಾರೂ ಇಲ್ಲ, ನಾನು ಕಿಟಕಿ ಬಿಟ್ಟರೆ ಮಳೆ ಮತ್ತೆ ಒಳಗೆ. ಸರಸಕ್ಕ ಬಲಗೈಯನ್ನು ನೀರಿನಿಂದ ತೆಗೆದು ಸೀರೆಗೆ ಒರೆಸಿಕೊಂಡರು. ಕೆಟಲಿನ ಹಿಡಿಗೆ ಕೈ ಹಾಕಿದರು. ಒಂದು ಉಸಿರಿನಷ್ಟು ಹೊತ್ತು ನಿಂತರು. ಆಮೇಲೆ ಆರಿದ ನೀರಿನ ಮೂಲೆಗೆ ಬಿಸಿನೀರನ್ನು ನೂಲಿನಷ್ಟು ತೆಳ್ಳಗೆ ಬಿಟ್ಟರು. ಎಡಗೈ ಒಳಗೆ ಆಡುತ್ತಲೇ ಇತ್ತು. ಯಾವ ಫ್ಲಾಸ್ಕಿಗೂ ಬಿಸಿ ತಾಗಲಿಲ್ಲ. “ಸಾಕು,” ಎಂದು ತಮಗೆ ತಾವೇ ಹೇಳಿಕೊಂಡು ಕೆಟಲ್ ಇಳಿಸಿದರು.

ಮಧ್ಯಾಹ್ನ ಪುಡಿ ಹಾಕಿದರು. ಬಣ್ಣ ಅಳೆಯುವ ಯಂತ್ರಕ್ಕೆ ಕರೆಂಟು ಬೇಕು, ಕಣ್ಣಿಗೆ ಬೇಡ. ಕಷ್ಟದ ತೊಟ್ಟಿಯ ಕೊಳವೆಗಳು ಒಂದೊಂದಾಗಿ ಬಣ್ಣ ತಿರುಗಿದವು. ಮೊದಲಿನದ್ದು ನಿಂಬೆಯ ಸಿಪ್ಪೆಯಷ್ಟು ತಿಳಿ, ಆಮೇಲಿನದ್ದು ಅದಕ್ಕಿಂತ ಗಾಢ, ಕೊನೆಯದ್ದು ಅರಸಿನ ಕಲಸಿದ ಹಾಗೆ. ಪಕ್ಕದ ಸಾಲು, ಸುಖದ ತೊಟ್ಟಿಯ ಸಾಲು, ಬಾವಿಯ ನೀರಿನಷ್ಟು ತಿಳಿಯಾಗಿ ಹಾಗೆಯೇ ನಿಂತಿತು. ಹೃಷೀಕೇಶ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಸರಸಕ್ಕ, ನೋಡಿ. ಏನೂ ಇಲ್ಲ. ಏನೂ ಬಂದಿಲ್ಲ!”

ಏನೂ ಬಾರದ್ದಕ್ಕೆ ಮನುಷ್ಯ ಇಷ್ಟು ಸಂತೋಷಪಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸರಸಕ್ಕ ಕೊಳವೆಯನ್ನು ತಾವೇ ತೆಗೆದುಕೊಂಡು ಬೆಳಕಿಗೆ ತಿರುಗಿಸಿ ನೋಡಿದರು. “ಇಷ್ಟು ಸಣ್ಣದಕ್ಕೆ ಇಷ್ಟೊಂದು ಗೊತ್ತುಂಟಲ್ಲ,” ಎಂದರು. “ದೇವರು ಇದರ ಒಳಗೆ ಕೂತು ಚಿಲಕ ಮಾಡಿದ್ದು ಯಾವಾಗ ಮಾರಾಯ್ರೆ?”

ಆಗ ಕಚೇರಿಯ ಟೈಪಿಸ್ಟ್ ಪ್ರೆಸಿಲ್ಲಾ ಓಡಿ ಬಂದರು. ಕಾಪುವಿನ ಮನೆಯ ಹತ್ತಿರದ ಅಂಗಡಿಯಿಂದ ಫೋನು. ಕಮಲಳನ್ನು ಉಡುಪಿಯ ಆಸ್ಪತ್ರೆಗೆ ಸೇರಿಸಿದ್ದಾರೆ, ಹೆರಿಗೆ ಆಗಿದೆ, ಹೆಣ್ಣು, ತಾಯಿ ಮಗು ಚೆನ್ನಾಗಿದ್ದಾರೆ.

ಸರಸಕ್ಕ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು. ಬೆಳಗಿನಿಂದ ನೀರಿನಲ್ಲಿದ್ದು ಬೆರಳೆಲ್ಲ ಸುಕ್ಕಾಗಿ ಬಿಳಿಚಿಕೊಂಡಿತ್ತು.

ಹೃಷೀಕೇಶ ನನ್ನ ಕಡೆ ತಿರುಗಿದರು. “ನಾನೇ ಹೊಯ್ದದ್ದು ಅಂತ ಬರೆಯಿರಿ. ಎರಡೂ ತೊಟ್ಟಿಗೆ, ಪೂರ್ತಿ ನಾನೇ. ಯಾರಿಗೆ ಗೊತ್ತಾಗುತ್ತದೆ?”

“ಎಂತಕ್ಕೆ?” ಸರಸಕ್ಕನ ಧ್ವನಿ ಬೆಳಗಿನ ಜಗಳದ್ದಕ್ಕಿಂತ ಮೆತ್ತಗೆ, ಆದರೆ ಗಟ್ಟಿ. “ಈ ಮಳೆಗಾಲ ಪೂರ್ತಿ ನನ್ನ ಕೈಯಿಂದ ನಿಮ್ಮ ಕೆಲಸ ಹಾಳಾಯಿತು. ಸರಿಯಾದದ್ದೂ ನನ್ನ ಕೈಯಿಂದಲೇ. ಅದನ್ನು ನೀವು ತೆಗೆದುಕೊಳ್ಳುವುದು ಬೇಡ.” ನನ್ನತ್ತ ನೋಡಿದರು. “ಬರೆಯಿರಿ. ಆರಿದ ನೀರಿಗೆ ಸರಸ ಬಿಸಿನೀರು ಹೊಯ್ದಳು ಅಂತ ಬರೆಯಿರಿ.”

“ಮಗುವಿಗೆ ಸ್ನಾನ?” ಎಂದು ಕೇಳಿದೆ.

“ಕಾರ್ಕಳದಿಂದ ಕಮಲಳ ಅತ್ತೆ ಬರುತ್ತಾರೆ, ಅವರು ಮೀಯಿಸಲಿ. ನಾನು ಹಂಡೆಗೆ ಬೆಂಕಿ ಹಾಕುತ್ತೇನೆ. ನೀರು ಎಷ್ಟು ಕಾಯಬೇಕು ಅಂತ ನನಗಿಂತ ಚೆನ್ನಾಗಿ ಆ ಹೆಂಗಸಿಗೆ ಗೊತ್ತಿಲ್ಲ.”

ತೊಳೆದ ಗಾಜುಗಳನ್ನು ಬಟ್ಟೆಯ ಮೇಲೆ ಕವುಚಿಟ್ಟರು. ಸ್ಟವ್ ಆರಿಸಿದರು. ಬಾಗಿಲಿನ ಬೀಗದ ಕೈಯನ್ನು ಸೊಂಟದಿಂದ ಬಿಡಿಸಿ ಮೇಜಿನ ಮೇಲೆ ಇಟ್ಟರು.

“ಸೋಮವಾರ ಬೇಗ ಬರ್ತೀರಲ್ಲ ಸರಸಕ್ಕ?” ಹೃಷೀಕೇಶ ಬೀಗದ ಕೈಯನ್ನು ನೋಡುತ್ತಾ ಕೇಳಿದರು. “ಇದನ್ನೇ ಇನ್ನೆರಡು ಸಲ ಮಾಡಿ ತೋರಿಸಬೇಕು. ಪುಡಿ ಎಲ್ಲಿಂದಾದರೂ ತರಿಸುತ್ತೇನೆ.”

“ಇಲ್ಲ ಡಾಕ್ಟ್ರೇ, ಇನ್ನು ಈ ಕೆಲಸಕ್ಕೆ ನಾನು ಬರುವುದಿಲ್ಲ. ಒಂದು ಸಲ ಹೊಯ್ದದ್ದು ನನ್ನ ಮನಸ್ಸಿನಿಂದ. ದಿನಾ ಹೊಯ್ದರೆ ಅದು ಅಭ್ಯಾಸ ಆಗುತ್ತದೆ. ಅದು ನನಗೆ ಬೇಡ.”

ಛತ್ರಿ ಬಿಡಿಸಿ ಮಳೆಗೆ ಇಳಿದರು. ಹಿಂದೆ ನೋಡಲಿಲ್ಲ. ಉಡುಪಿಯ ಬಸ್ಸು ಬರುವವರೆಗೆ ಕಿಟಕಿಯಿಂದ ಆ ಕಪ್ಪು ಛತ್ರಿ ಕಾಣುತ್ತಿತ್ತು, ಬಸ್ಸು ಹೋದ ಮೇಲೆ ಕಾಣಲಿಲ್ಲ. ಸೋಮವಾರ ಹೃಷೀಕೇಶ ಆರು ಗಂಟೆಗೇ ಬಂದು, ತಾವೇ ಬೀಗ ತೆಗೆದು, ಬಾಗಿಲು ತೆರೆದಿಟ್ಟು ಕಾದರಂತೆ. ಸರಸಕ್ಕ ಬರಲಿಲ್ಲ.